ರೆಕ್ಕೆ ನಮ್ಮದು, ಎಂಜಿನ್ ಯಾರದು?

(ಕನ್ನಡ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಪಾಠ)



ನಾನು ಭಾಷಣಕಾರನಲ್ಲ. ಪಿ.ಯು.ಸಿ. ಮುಗಿಸಿ ಅಪ್ಪನ ಪ್ರೆಸ್ಸಿಗೆ ಸೇರಿದವನು. ಮದುವೆ ಲಗ್ನಪತ್ರಿಕೆ, ಬಿಲ್ ಬುಕ್ಕು, ಗಣೇಶನ ಹಬ್ಬದ ಕರಪತ್ರ, ರಾಜ್ಯೋತ್ಸವದ ಪೋಸ್ಟರು, ಇವೇ ನನ್ನ ಸಾಹಿತ್ಯ. ಆದರೆ ಯಂತ್ರದ ಸದ್ದು ಕೇಳಿದರೆ ಅದಕ್ಕೆ ಎಲ್ಲಿ ನೋವು ಅಂತ ಹೇಳಬಲ್ಲೆ. ಆ ಒಂದು ಧೈರ್ಯದ ಮೇಲೆ ಇವತ್ತು ನಿಮ್ಮೆದುರು ಯುದ್ಧವಿಮಾನಗಳ ವಿಚಾರ ಮಾತಾಡಲು ನಿಂತಿದ್ದೇನೆ.

ಮೊದಲು ಒಂದು ಪ್ರಶ್ನೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನಿಮ್ಮಲ್ಲಿ ಎಷ್ಟು ಜನ ಎಚ್.ಎ.ಎಲ್. ವಿಮಾನ ವಸ್ತುಸಂಗ್ರಹಾಲಯ ನೋಡಿದ್ದೀರಿ? ಕೈ ಎತ್ತಿ. ನಾಲ್ಕೇ ಕೈ! ಮಾರತ್‌ಹಳ್ಳಿ ಕಡೆಗೆ ದಿನಾ ಸಾವಿರಾರು ಜನ ಹೋಗುತ್ತೀರಿ. ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲೇ ಅದು ಇದೆ. ತೆರೆದದ್ದು 2001ರಲ್ಲಿ. ಮಾಲ್‌ಗೆ ಹೋಗಲು ಬಿಡುವಿದೆ, ಅಲ್ಲಿ ಇಳಿಯಲು ಬಿಡುವಿಲ್ಲ. ಬೈಯುತ್ತಿಲ್ಲ, ಕೇಳಿ. ಅಲ್ಲಿರುವುದು ಬರೀ ಹಳೆ ತಗಡಲ್ಲ. ನಮ್ಮ ಊರಿನ ಜಾತಕ ಅಲ್ಲಿದೆ.

ಒಳಗೆ ಹೋದರೆ ಮೊದಲು ಸಿಗುವುದು ಫೋಟೋಗಳು. 1940ರಿಂದ ಹತ್ತು ಹತ್ತು ವರ್ಷಕ್ಕೊಮ್ಮೆ ಕಾರ್ಖಾನೆ ಹೇಗೆ ಬೆಳೆಯಿತು ಅಂತ ತೋರಿಸಿದ್ದಾರೆ. ಬಹಳ ಜನ ಇಲ್ಲಿ ನಿಲ್ಲುವುದಿಲ್ಲ, ಹೊರಗಿನ ವಿಮಾನದ ಮುಂದೆ ಸೆಲ್ಫಿ ತೆಗೆಯಲು ಓಡುತ್ತಾರೆ. ನೀವು ನಿಲ್ಲಿ. ಯಾಕೆ ಅಂತ ಹೇಳುತ್ತೇನೆ.

1940ನೇ ಇಸವಿ. ಪ್ರಪಂಚದಲ್ಲಿ ಮಹಾಯುದ್ಧ ನಡೆದಿದೆ. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿಗೆ ನಮ್ಮ ದೇಶದಲ್ಲೇ ವಿಮಾನ ಕಟ್ಟಬೇಕೆಂಬ ಹುಚ್ಚು. ಕೈ ಕೊಟ್ಟವರು ಯಾರು? ಮೈಸೂರು ಸಂಸ್ಥಾನ! ಜಯಚಾಮರಾಜ ಒಡೆಯರು ಆಗತಾನೇ ಪಟ್ಟಕ್ಕೆ ಬಂದಿದ್ದರು, ಮಿರ್ಜಾ ಇಸ್ಮಾಯಿಲ್ ದಿವಾನರು. ಸಂಸ್ಥಾನ ಜಮೀನು ಕೊಟ್ಟಿತು, 25 ಲಕ್ಷ ರೂಪಾಯಿ ಬಂಡವಾಳ ಹಾಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. 1940ರ 25 ಲಕ್ಷ ಅಂದರೆ ಎಷ್ಟು ಅಂತ ನಿಮ್ಮ ಮನೆಯ ಅಜ್ಜಂದಿರನ್ನು ಕೇಳಿ. ಅದು ರೈತ ಕಟ್ಟಿದ ಕಂದಾಯದ ದುಡ್ಡು. ಮಂಡ್ಯದವನು, ಹಾಸನದವನು, ತುಮಕೂರಿನವನು ಜೀವಮಾನದಲ್ಲಿ ವಿಮಾನ ಕಂಡಿರಲಿಲ್ಲ, ಆದರೂ ಅವನ ಪಾಲು ಅದರಲ್ಲಿದೆ.

ಬೆಂಗಳೂರೇ ಯಾಕೆ? ಶಿವನಸಮುದ್ರದ ಕರೆಂಟು ಇತ್ತು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಇತ್ತು. ಟಾಟಾ ಇನ್‌ಸ್ಟಿಟ್ಯೂಟ್ ಇತ್ತು. ಅದಕ್ಕಿಂತ ಮುಖ್ಯವಾಗಿ, ಉದ್ಯಮ ಬೆಳೆಸಬೇಕೆಂದು ಹಠ ಹಿಡಿದ ಆಡಳಿತ ಇತ್ತು. ಇವೆಲ್ಲ ಹತ್ತಾರು ವರ್ಷ ಮುಂಚೆ ಯೋಚಿಸಿ ಕಟ್ಟಿದ್ದು. ಐ.ಟಿ. ಬಂದ ಮೇಲೆ ಬೆಂಗಳೂರು ಊರಾಯಿತು ಅಂತ ಯಾರಾದರೂ ನಿಮ್ಮ ಮುಂದೆ ಹೇಳಿದರೆ, ಜಗಳ ಆಡಬೇಡಿ. ಸುಮ್ಮನೆ ಕರೆದುಕೊಂಡು ಹೋಗಿ ಆ ಫೋಟೋಗಳ ಮುಂದೆ ನಿಲ್ಲಿಸಿ.

1941ರಲ್ಲೇ ಹಾರ್ಲೋ ಎಂಬ ತರಬೇತಿ ವಿಮಾನವನ್ನು ಇಲ್ಲಿ ಜೋಡಿಸಿ ಹಾರಿಸಿದರು. ಆಮೇಲೆ ಯುದ್ಧ ಏಷ್ಯಾಕ್ಕೆ ಬಂತು. ಅಮೆರಿಕದ ಸೇನೆ ತನ್ನ ವಿಮಾನಗಳ ರಿಪೇರಿಗೆ ಈ ಕಾರ್ಖಾನೆಯನ್ನೇ ಹಿಡಿಯಿತು. ಎತ್ತಿನ ಗಾಡಿಯ ಗಾಲಿಗೆ ಪಟ್ಟಿ ಹೊಡೆಯುತ್ತಿದ್ದ ಊರಿನ ಹುಡುಗರು ಬಾಂಬರ್ ವಿಮಾನಕ್ಕೆ ರಿವೆಟ್ ಹೊಡೆದರು! ಯುದ್ಧ ಮುಗಿದು ಕೆಲಸ ಕಡಿಮೆಯಾದಾಗ ಇದೇ ಕೈಗಳು ರೈಲು ಬೋಗಿ ಕಟ್ಟಿದವು, ಬಸ್ಸಿಗೆ ಬಾಡಿ ಕಟ್ಟಿದವು. ಆ ಬೋಗಿಯ ಕೆಲಸವೇ 1964ರಲ್ಲಿ ಬಿ.ಇ.ಎಂ.ಎಲ್. ಎಂಬ ಬೇರೆ ಕಂಪನಿಯಾಯಿತು. ನಮ್ಮ ಮೆಟ್ರೋಗೆ ಬೋಗಿ ಕಟ್ಟಿಕೊಟ್ಟದ್ದೂ ಅದೇ ಬಿ.ಇ.ಎಂ.ಎಲ್. ಕೈಕಸುಬು ಅಂದರೆ ಹೀಗೆ. ಒಂದು ಸಲ ಊರಿಗೆ ಬಂದರೆ ಅದು ರೂಪ ಬದಲಿಸಿಕೊಂಡು ಮೊಮ್ಮಕ್ಕಳಿಗೂ ಅನ್ನ ಹಾಕುತ್ತದೆ.

ಈಗ ಹೊರಗೆ ಬನ್ನಿ. ಅಂಗಳದಲ್ಲಿ ವಿಮಾನಗಳು ನಿಂತಿವೆ. ಎಚ್.ಟಿ.-2 ನೋಡಿ. ಪುಟ್ಟ ವಿಮಾನ, ಮುಂದೆ ಪ್ರೊಪೆಲ್ಲರ್. ಡಾಕ್ಟರ್ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಇಲ್ಲೇ ನಕ್ಷೆ ಬರೆದು ಇಲ್ಲೇ ಕಟ್ಟಿದ್ದು, 1951ರಲ್ಲಿ ಹಾರಿದ್ದು. ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷ! ಅದರ ಜೊತೆ ಕಿರಣ್ ಇದೆ. 1964ರಲ್ಲಿ ಮೊದಲು ಹಾರಿದ ಜೆಟ್ ತರಬೇತಿ ವಿಮಾನ. ವಾಯುಪಡೆಯ ಎಷ್ಟೋ ತಲೆಮಾರಿನ ಪೈಲಟ್‌ಗಳಿಗೆ ಇದೇ ಪ್ರೈಮರಿ ಶಾಲೆ. 1996ರಲ್ಲಿ ನಮ್ಮ ಬೀದರ್‌ನಲ್ಲಿ ಹುಟ್ಟಿದ ಸೂರ್ಯಕಿರಣ್ ತಂಡ ಆಕಾಶದಲ್ಲಿ ರಂಗೋಲಿ ಬಿಡಿಸಿದ್ದು 2011ರವರೆಗೂ ಇದರಲ್ಲೇ. ಮಿಗ್-21 ಇದೆ. 1963ರಲ್ಲಿ ವಾಯುಪಡೆ ಸೇರಿ, 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿಯಾಯಿತು. ಅರವತ್ತೆರಡು ವರ್ಷದ ಚಾಕರಿ! ಲಕ್ಷ್ಯ ಅಂತ ಒಂದು ಪೈಲಟ್ ಇಲ್ಲದ ವಿಮಾನ ಇದೆ. ನಮ್ಮವರು ಗುರಿ ಹೊಡೆಯುವುದನ್ನು ಕಲಿಯಲಿ ಅಂತ ತಾನೇ ಗುರಿಯಾಗಿ ಹಾರುವ ವಿಮಾನ ಅದು.

ಇವೆಲ್ಲ ನೋಡಿ. ಆದರೆ ಒಂದು ವಿಮಾನದ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಅದರ ಹೆಸರು ಮಾರುತ. ಎಚ್.ಎಫ್.-24.

ಮಾರುತವನ್ನು ನೋಡಿದರೆ ಯಂತ್ರದ ಗಂಧ ಗೊತ್ತಿಲ್ಲದವರಿಗೂ ಮೈ ಜುಂ ಅನ್ನುತ್ತದೆ. ಚೂಪು ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ, ಸಣ್ಣ ನಡು. ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕ 1956ರಲ್ಲಿ ಬೆಂಗಳೂರಿಗೆ ಬಂದ. ನಮ್ಮ ಎಂಜಿನಿಯರುಗಳ ಜೊತೆ ಕುಳಿತು ನಕ್ಷೆ ಬರೆದ. ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ ಹಾರಿಸಿ ನೋಡಿದರು. 1961ರ ಜೂನ್ ತಿಂಗಳಲ್ಲಿ ಮಾರುತ ಬೆಂಗಳೂರಿನ ಆಕಾಶಕ್ಕೆ ಏರಿತು. ಒಟ್ಟು 147 ಮಾರುತಗಳನ್ನು ಕಟ್ಟಿದರು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ಹೋರಾಡಿದವು. ಒಂದು ಎಂಜಿನ್ ಗುಂಡೇಟಿಗೆ ನಿಂತುಹೋದರೂ ಇನ್ನೊಂದರಲ್ಲೇ ಪೈಲಟ್‌ನನ್ನು ಮನೆಗೆ ಕರೆತಂದವು. ಶತ್ರು ವಿಮಾನದ ಜೊತೆ ಕಾದಾಡಿ ಒಂದೇ ಒಂದು ಮಾರುತವೂ ಬೀಳಲಿಲ್ಲ.

ಇಷ್ಟೆಲ್ಲ ಇದ್ದೂ ಮಾರುತ ಸೋತಿತು. ಹೊರಗಿನ ಶತ್ರುವಿನಿಂದಲ್ಲ, ತನ್ನ ಎದೆಯಿಂದ.

ಆ ಮೈ ಕಟ್ಟಿದ್ದು ಶಬ್ದದ ಎರಡರಷ್ಟು ವೇಗಕ್ಕೆ. ಅದಕ್ಕೆ ತಕ್ಕ ಎಂಜಿನ್ ಬ್ರಿಟನ್ನಿನಿಂದ ಬರಬೇಕಾಗಿತ್ತು. ಬ್ರಿಟಿಷ್ ಸರಕಾರಕ್ಕೆ ಆ ಎಂಜಿನ್ ಬೇಡವಾಯಿತು. ಮುಂದುವರಿಸಬೇಕಾದರೆ ನೀವೇ ಹಣ ಹಾಕಿ ಅಂದರು. ದಿಲ್ಲಿ ಹಾಕಲಿಲ್ಲ. ಕೊನೆಗೆ ನ್ಯಾಟ್ ವಿಮಾನಕ್ಕೆ ಹಾಕುತ್ತಿದ್ದ ಆರ್ಫಿಯಸ್ ಜಾತಿಯ ಸಣ್ಣ ಎಂಜಿನ್ ಎರಡನ್ನು ಕೂರಿಸಿದರು. ಲಾರಿಯ ಮೈಗೆ ಆಟೋ ಎಂಜಿನ್ ಕೂರಿಸಿದ ಹಾಗೆ! ಈಜಿಪ್ಟಿನ ಎಂಜಿನ್ ಹಾಕಿ ನೋಡಿದರು, ಅದೂ ಕೈಗೂಡಲಿಲ್ಲ. ಇದ್ದ ಎಂಜಿನ್ನಿಗೇ ಹೆಚ್ಚು ಬಲ ತುಂಬಲು ಹೊರಟರು. ಆ ಮಾದರಿಯನ್ನು ಪರೀಕ್ಷೆ ಮಾಡುತ್ತಿದ್ದಾಗ 1970ರ ಜನವರಿ 10ರಂದು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಇದೇ ಊರಿನಲ್ಲಿ ವಿಮಾನ ಬಿದ್ದು ಪ್ರಾಣ ಬಿಟ್ಟರು. ಮಾರುತವನ್ನು ಮೊಟ್ಟಮೊದಲು ಹಾರಿಸಿದ್ದೂ ಅವರೇ, ಕಿರಣ್ ಅನ್ನು ಮೊದಲು ಹಾರಿಸಿದ್ದೂ ಅವರೇ.

ಹಳೆ ಮದ್ರಾಸ್ ರಸ್ತೆಯಿಂದ ಹಳೆ ವಿಮಾನ ನಿಲ್ದಾಣ ರಸ್ತೆಗೆ ಬರುವ ಸುರಂಜನ್ ದಾಸ್ ರಸ್ತೆ ನಿಮಗೆಲ್ಲ ಗೊತ್ತು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಆ ರಸ್ತೆಗೆ ಶಾಪ ಹಾಕಿದವರು ಇಲ್ಲಿ ಬಹಳ ಜನ ಇದ್ದೀರಿ. ಇನ್ನು ಮೇಲೆ ಶಾಪ ಹಾಕುವ ಮುಂಚೆ ಆ ಹೆಸರು ಯಾರದು ಅಂತ ನೆನಪಿಸಿಕೊಳ್ಳಿ. ಅವರು ಬಂಗಾಳದವರು. ಈ ಊರಿನ ಕೈಗಳು ಕಟ್ಟಿದ ವಿಮಾನವನ್ನು ನಂಬಿ ಕುಳಿತವರು. ಅಂಥವರನ್ನು ನಮ್ಮವರು ಅನ್ನದಿದ್ದರೆ ಇನ್ಯಾರನ್ನು ಅನ್ನೋಣ?

ಈಗ ಎಂಜಿನ್ನುಗಳನ್ನು ಇಟ್ಟಿರುವ ಕಡೆಗೆ ಬನ್ನಿ. ನನಗೆ ಅತ್ಯಂತ ಇಷ್ಟವಾದ ಜಾಗ ಅದು. ಎಂಜಿನ್ನನ್ನು ಹಲಸಿನ ಹಣ್ಣಿನ ಹಾಗೆ ಸೀಳಿ ಒಳಗಿನದನ್ನು ತೋರಿಸಿದ್ದಾರೆ. ಜೆಟ್ ಎಂಜಿನ್ ಅಂದರೆ ಹೆದರಬೇಡಿ. ನಾಲ್ಕೇ ಮಾತು: ಗಾಳಿ ಎಳೆದುಕೋ, ಅದುಮು, ಉರಿಸು, ಹಿಂದಕ್ಕೆ ಉಗುಳು. ಹಿಂದಕ್ಕೆ ಉಗುಳಿದ ರಭಸಕ್ಕೆ ವಿಮಾನ ಮುಂದಕ್ಕೆ ಹೋಗುತ್ತದೆ. ಹೇಳುವುದಕ್ಕೆ ನಾಲ್ಕು ಮಾತು, ಮಾಡುವುದಕ್ಕೆ ನಾಲ್ಕು ತಲೆಮಾರು! ಒಳಗೆ ತಿರುಗುವ ಆ ಪುಟ್ಟ ಬ್ಲೇಡುಗಳನ್ನು ನೋಡಿ. ಇವತ್ತಿನ ಎಂಜಿನ್ನಿನಲ್ಲಿ ಅದರ ಸುತ್ತ ಸುಳಿಯುವ ಬೆಂಕಿಯ ಗಾಳಿ ಆ ಲೋಹವೇ ಕರಗುವಷ್ಟು ಬಿಸಿ. ಕರಗಬಾರದು ಅಂತ ಬ್ಲೇಡಿನ ಒಳಗೆ ಕೂದಲೆಳೆಯಂಥ ದಾರಿ ಕೊರೆದು ತಂಪು ಗಾಳಿ ಹರಿಸುತ್ತಾರೆ. ನನ್ನ ಆಫ್‌ಸೆಟ್ ಮಿಷನ್ನಿನಲ್ಲಿ ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ ಪೋಸ್ಟರಿನಲ್ಲಿ ನಟನ ಮೀಸೆ ಕೆನ್ನೆಗೆ ಹೋಗುತ್ತದೆ. ನಷ್ಟ ಒಂದು ರೀಮು ಕಾಗದ. ಅಲ್ಲಿ ಅಷ್ಟು ತಪ್ಪಿದರೆ ಹೋಗುವುದು ಒಬ್ಬ ತಾಯಿಯ ಮಗ.

ಈ ವಿದ್ಯೆಯನ್ನು ಯಾವ ದೇಶವೂ ಸುಮ್ಮನೆ ಕಲಿಸುವುದಿಲ್ಲ. ಎಂಜಿನ್ ಮಾರುತ್ತಾರೆ, ಗುಟ್ಟು ಮಾರುವುದಿಲ್ಲ. ತೇಜಸ್ 2001ರ ಜನವರಿ 4ರಂದು ಬೆಂಗಳೂರಿನಲ್ಲೇ ಹಾರಿತು. ನಮ್ಮ ಹೆಮ್ಮೆ ಅದು. ಆದರೆ ಅದರ ಎಂಜಿನ್ ಅಮೆರಿಕದ್ದು. ನಮ್ಮ ನದಿಯ ಹೆಸರಿಟ್ಟುಕೊಂಡ ಕಾವೇರಿ ಎಂಜಿನ್ ಇದೇ ಊರಿನ ಪ್ರಯೋಗಾಲಯದಲ್ಲಿ ಹುಟ್ಟಿತು. ವರ್ಷಗಟ್ಟಲೆ ದುಡಿದರೂ ಬೇಕಾದಷ್ಟು ಬಲ ಬರಲಿಲ್ಲ, 2008ರಲ್ಲಿ ಅದನ್ನು ತೇಜಸ್‌ನಿಂದ ಬೇರೆ ಮಾಡಿದರು. 2021ರಲ್ಲಿ ಅಮೆರಿಕದ ಕಂಪನಿಗೆ 99 ಎಂಜಿನ್ನಿಗೆ ಆರ್ಡರ್ ಕೊಟ್ಟರು. ಅವುಗಳಲ್ಲಿ ಮೊದಲನೆಯದು ಬಂದದ್ದು 2025ರಲ್ಲಿ. ಮಾರುತದ ಕಾಲದಲ್ಲಿ ಕಾದ ಹಾಗೆಯೇ ತೇಜಸ್ ಕಾಲದಲ್ಲೂ ಕಾದೆವು. ಎದೆ ಸಾಲ ತಂದವನು ಓಡುವ ಮುಂಚೆ ಸಾಲ ಕೊಟ್ಟವನ ಮುಖ ನೋಡಬೇಕು. ಇದು ನಾನು ಆ ಸೀಳಿದ ಎಂಜಿನ್ನಿನ ಮುಂದೆ ನಿಂತು ಕಲಿತ ಪಾಠ.

ಇನ್ನೊಂದು ಸಾಲವೂ ಇದೆ ಗೆಳೆಯರೇ. ಅದು ನೆನಪಿನ ಸಾಲ.

ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರು ಕೇಳಿದ್ದೀರಾ? ವಾಯುಪಡೆಯ ಸ್ಕ್ವಾಡ್ರನ್ ಲೀಡರ್. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೋದರು. ಅವರ ಕೈಯಲ್ಲಿದ್ದದ್ದು ನಿಧಾನದ ಮಿಸ್ಟೇರ್ ವಿಮಾನ. ಎದುರಿಗೆ ಬಂದದ್ದು ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್. ತಮ್ಮ ವಿಮಾನಕ್ಕೆ ಏಟು ಬಿದ್ದ ಮೇಲೂ ತಿರುಗಿ ನಿಂತು ಆ ಸ್ಟಾರ್‌ಫೈಟರನ್ನು ಕೆಡವಿದರು. ತಾವು ಮರಳಿ ಬರಲಿಲ್ಲ. ಇದು ನಮಗೆ ಗೊತ್ತಾದದ್ದು ಹೇಗೆ? ಎಷ್ಟೋ ವರ್ಷದ ಮೇಲೆ ವಿದೇಶಿ ಲೇಖಕನೊಬ್ಬ ಪಾಕಿಸ್ತಾನದ ವಾಯುಪಡೆಯ ಬಗ್ಗೆ ಬರೆದ ಪುಸ್ತಕದಿಂದ! ಅಲ್ಲಿಯವರೆಗೆ ಅವರು ಬರೀ ಕಾಣೆಯಾದವರು. 1988ರಲ್ಲಿ, ಇಪ್ಪತ್ಮೂರು ವರ್ಷದ ಮೇಲೆ, ಮಹಾವೀರ ಚಕ್ರ ಬಂತು. ಮಡಿಕೇರಿಯ ವೃತ್ತವೊಂದಕ್ಕೆ ಇವತ್ತು ಅವರ ಹೆಸರಿದೆ.

ಪ್ರೆಸ್ ನಡೆಸುವವನಾಗಿ ನನಗೆ ಇದು ಚುಚ್ಚುತ್ತದೆ. ಬರೆದು ಅಚ್ಚಾಗದ ಸಾಹಸ ಸಾಹಸ ಮಾಡಿದವನ ಜೊತೆಗೇ ಮಣ್ಣಾಗುತ್ತದೆ. ಎಚ್.ಎ.ಎಲ್.ನಲ್ಲಿ ಮಾರುತಕ್ಕೆ ರಿವೆಟ್ ಹೊಡೆದ, ಕಿರಣ್‌ಗೆ ವೈರಿಂಗ್ ಮಾಡಿದ, ಲೇತ್ ಮುಂದೆ ಮೂವತ್ತು ವರ್ಷ ನಿಂತ ಹಿರಿಯರು ನಮ್ಮ ವಿಮಾನಪುರದಲ್ಲಿ, ಮುರುಗೇಶಪಾಳ್ಯದಲ್ಲಿ, ಕಗ್ಗದಾಸಪುರದಲ್ಲಿ ಸಂಜೆ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಅವರ ಬಾಯಲ್ಲಿ ಇರುವುದು ಯಾವ ವಸ್ತುಸಂಗ್ರಹಾಲಯದಲ್ಲೂ ಇಲ್ಲ. ಅವರ ನಂತರ ಯಾರನ್ನು ಕೇಳುತ್ತೀರಿ?

ಆದ್ದರಿಂದ ನಿಮಗೆ ಎರಡು ಕೆಲಸ ಹೇಳಿ ಮುಗಿಸುತ್ತೇನೆ.

ಒಂದು: ಒಂದು ಭಾನುವಾರ ಗುಂಪಾಗಿ ಹೋಗಿ. ನಿಮ್ಮ ಬೀದಿಯ ಸರ್ಕಾರಿ ಶಾಲೆಯ ಹತ್ತು ಮಕ್ಕಳನ್ನು ಕರೆದುಕೊಂಡು ಹೋಗಿ. ಬೀಡಾಡಿ ಸುತ್ತಬೇಡಿ. ರೆಕ್ಕೆ, ಬಾಲ, ಮೂತಿ, ಚಕ್ರ ಒಂದೊಂದನ್ನೂ ಮುಟ್ಟದೆ ತೋರಿಸಿ, ಕನ್ನಡದಲ್ಲಿ ವಿವರಿಸಿ. ಎಳೆ, ಅದುಮು, ಉರಿಸು, ಉಗುಳು ಅಂದರೆ ಐದನೇ ಕ್ಲಾಸಿನ ಹುಡುಗಿಗೂ ಅರ್ಥವಾಗುತ್ತದೆ. ಆ ಹತ್ತು ಮಕ್ಕಳಲ್ಲಿ ಒಬ್ಬಳು ಮುಂದೆ ಆ ಬ್ಲೇಡಿನ ಗುಟ್ಟು ಬಿಡಿಸಿದರೆ ಸಾಕು. ನಿಮ್ಮಲ್ಲಿ ಐ.ಟಿ.ಐ. ಓದುವವರು, ಡಿಪ್ಲೊಮಾ ಓದುವವರು ತಲೆ ತಗ್ಗಿಸಿ ಕುಳಿತಿದ್ದೀರಿ. ತಲೆ ಎತ್ತಿ! ಎಂಜಿನ್ ಹುಟ್ಟುವುದು ಭಾಷಣದಲ್ಲಲ್ಲ, ನಿಮ್ಮ ಅರದಲ್ಲಿ, ನಿಮ್ಮ ಲೇತಿನಲ್ಲಿ.

ಎರಡು: ಆ ಕಟ್ಟೆಯ ಮೇಲಿನ ತಾತಂದಿರ ಪಕ್ಕ ಕುಳಿತು ಕೇಳಿ, ಬರೆದುಕೊಳ್ಳಿ. ಯಾವ ವರ್ಷ ಸೇರಿದಿರಿ, ಯಾವ ಕೆಲಸ, ಮೊದಲ ವಿಮಾನ ಹಾರಿದ ದಿನ ಎಲ್ಲಿ ನಿಂತಿದ್ದಿರಿ, ಕೇಳಿ. ವ್ಯಾಕರಣದ ಚಿಂತೆ ಬೇಡ. ಬರೆದದ್ದನ್ನು ನನ್ನ ಪ್ರೆಸ್ಸಿಗೆ ತನ್ನಿ. ನಲವತ್ತೆಂಟು ಪುಟದ ಪುಸ್ತಿಕೆ, ಮೊದಲ ಐನೂರು ಪ್ರತಿ. ಅಕ್ಷರ ಜೋಡಣೆ, ಕಾಗದ, ಮಸಿ, ಬೈಂಡಿಂಗ್ ಎಲ್ಲ ನನ್ನದು. ಒಂದು ರೂಪಾಯಿ ಕೇಳುವುದಿಲ್ಲ.

ಮಿಷನ್ ಸಿದ್ಧ ಇದೆ. ಕರಡು ನೀವು ತನ್ನಿ.