ಪಿಲಾತನು ಕೈ ತೊಳೆದ ನೀರು

(ಸಂಘದ ರಾಜ್ಯೋತ್ಸವ ಗೋಷ್ಠಿಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಯೇಸುವನ್ನು ಶಿಲುಬೆಗೇರಿಸಿದ ಕತೆಯನ್ನೆತ್ತುವುದು ಕೆಲವರಿಗೆ ವಿಚಿತ್ರವೆನಿಸೀತು. ನೃಪತುಂಗ, ಪುಲಿಕೇಶಿಗಳನ್ನು ಬಿಟ್ಟು ಜೆರೂಸಲೇಮಿಗೆ ಹೋಗುವುದೇಕೆ ಎಂದು ಕೇಳಬಹುದು. ನಮ್ಮನ್ನು ಅಲ್ಲಿಗೆ ಕರೆದೊಯ್ದವರು ಕನ್ನಡದ ಕವಿಯೇ ಎಂಬುದು ನಮ್ಮ ಉತ್ತರ. ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ಪ್ರಕಟಿಸಿದರು. ಯೇಸುವಿನ ಕಡೆಯ ದಿನವೇ ಅದರ ವಸ್ತು. ಮುಂದೆ ‘ವೈಶಾಖಿ’ಯಲ್ಲಿ ಬುದ್ಧನ ಕಡೆಯ ದಿನವನ್ನು ಹಾಡಿದವರೂ ಅವರೇ. ಮನೆಮಾತು ಕೊಂಕಣಿ, ಊರ ಮಾತು ತುಳು, ಬರೆದದ್ದು ಕನ್ನಡ. ಅಂಥವರಿಗೆ ಯೇಸು ಪರಕೀಯನಾಗಿ ಕಾಣಲಿಲ್ಲ.

ಈ ಪಟ್ಟಣಕ್ಕೂ ಅವರಿಗೂ ನಂಟುಂಟು. ಅವರು ಓದಿದ್ದು ಇಲ್ಲಿಯ ಕ್ರಿಶ್ಚಿಯನ್ ಕಾಲೇಜಿನಲ್ಲಿ. ಆ ಕಾಲೇಜು ಆಗ ಜಾರ್ಜ್ ಟೌನಿನ ಕಡೆ ಇತ್ತು. ತಾಂಬರಕ್ಕೆ ಹೋದದ್ದು 1937ರಲ್ಲಿ. 1949ರಲ್ಲಿ ಅವರಿಗೆ ರಾಷ್ಟ್ರಕವಿ ಪದವಿಯನ್ನಿತ್ತದ್ದು ಮದ್ರಾಸ್ ಸರ್ಕಾರ, ಏಕೆಂದರೆ ದಕ್ಷಿಣ ಕನ್ನಡ ಜಿಲ್ಲೆಯು ಆಗ ಮದ್ರಾಸಿಗೆ ಸೇರಿತ್ತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಕಾಸರಗೋಡು, ಅದರೊಡನೆ ಮಂಜೇಶ್ವರವೂ, ಕೇರಳಕ್ಕೆ ಹೋಯಿತು. ಅದೇ ದಿನ ನಮ್ಮ ರಾಷ್ಟ್ರಕವಿಗಳು ತಮ್ಮ ಮನೆಯ ಹೊಸಿಲು ದಾಟದೆಯೇ ನಮ್ಮಂತೆ ಹೊರನಾಡ ಕನ್ನಡಿಗರಾದರು.

ಇರಲಿ. ನಾವು ಇಂದು ಮಾತಾಡಬೇಕೆಂದಿರುವುದು ಕವಿಯ ವಿಷಯವಲ್ಲ, ಆ ಕಡೆಯ ದಿನದ ಬೆಳಿಗ್ಗೆ ನ್ಯಾಯಪೀಠದ ಮೇಲೆ ಕುಳಿತಿದ್ದ ಅಧಿಕಾರಿಯ ವಿಷಯ. ಪೊಂತ್ಯ ಪಿಲಾತನೆಂಬ ಈತನು ಕ್ರಿ.ಶ. 26ರಿಂದ 36ರವರೆಗೆ ಯೂದಾಯ ಪ್ರಾಂತಕ್ಕೆ ರೋಮಿನ ದೇಶಾಧಿಪತಿಯಾಗಿದ್ದನು. ಮರಣದಂಡನೆಯ ಅಧಿಕಾರವು ಆ ಪ್ರಾಂತದಲ್ಲಿ ಅವನ ಕೈಯಲ್ಲಿತ್ತು. ಮಹಾಯಾಜಕರು ಯೇಸುವನ್ನು ಹಿಡಿದು ತಂದು, ಇವನು ತನ್ನನ್ನು ಅರಸನೆಂದು ಹೇಳಿಕೊಳ್ಳುತ್ತಾನೆ, ಜನರನ್ನು ಕೆರಳಿಸುತ್ತಾನೆ ಎಂದು ದೂರಿದರು. ಪಿಲಾತನು ವಿಚಾರಣೆ ನಡೆಸಿದನು. ಲೂಕನ ಸುವಾರ್ತೆಯ ಪ್ರಕಾರ ಮೂರು ಸಲ, ಇವನಲ್ಲಿ ನನಗೆ ಅಪರಾಧವೇನೂ ಕಾಣಲಿಲ್ಲವೆಂದು ಬಾಯಿಬಿಟ್ಟು ಹೇಳಿದನು. ಆರೋಪಿಯು ಗಲಿಲಾಯದವನೆಂದು ತಿಳಿದೊಡನೆ, ಆ ಸೀಮೆಯ ಒಡೆಯನಾದ ಹೆರೋದನ ಬಳಿಗೆ ಕಳುಹಿಸಿ ಕೈ ಕೊಡವಿಕೊಳ್ಳಲು ನೋಡಿದನು. ಹೆರೋದನು ಹಾಸ್ಯ ಮಾಡಿ ಹಿಂದಕ್ಕೆ ಕಳುಹಿಸಿದನು. ಕಡತವು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿ ಅದೇ ಮೇಜಿಗೆ ಮರಳುವುದನ್ನು ಕಛೇರಿಗಳಲ್ಲಿ ದುಡಿಯುವ ನಾವೆಲ್ಲ ನೋಡಿಯೇ ಇದ್ದೇವೆ.

ಬಳಿಕ ಪಿಲಾತನು ಹೇಳಿದ ಮಾತೊಂದನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಇವನು ಸಾವಿಗೆ ತಕ್ಕ ತಪ್ಪೇನನ್ನೂ ಮಾಡಿಲ್ಲ, ಆದ್ದರಿಂದ ಹೊಡೆಸಿ ಬಿಟ್ಟುಬಿಡುತ್ತೇನೆ ಎಂಬ ಅರ್ಥದ ಮಾತದು. ತಪ್ಪಿಲ್ಲವಾದರೆ ಹೊಡೆಸುವುದೇಕೆ? ಆ ‘ಆದ್ದರಿಂದ’ ಎಂಬ ಪದದಲ್ಲಿಯೇ ಅವನು ಜಾರಿದನೆಂದು ನಮ್ಮ ಅಭಿಪ್ರಾಯ. ನಿರಪರಾಧಿಯ ಬೆನ್ನಿನ ಮೇಲೆ ನಾಲ್ಕು ಏಟು ಬಿದ್ದರೆ ಗುಂಪಿಗೆ ಸಮಾಧಾನವಾದೀತು, ಜೀವವೂ ಉಳಿದೀತು ಎಂಬ ಚೌಕಾಸಿ ಅದು. ಏಟಿಗೆ ಒಪ್ಪಿದವನು ಶಿಲುಬೆಗೂ ಒಪ್ಪಿಯಾನೆಂದು ಗುಂಪಿಗೆ ಗೊತ್ತಾಯಿತು. ಹಬ್ಬದ ಕೈದಿಯಾಗಿ ಬರಬ್ಬನನ್ನು ಬಿಡಿಸಿಕೊಂಡರು. ಇವನನ್ನು ಬಿಟ್ಟರೆ ನೀನು ಕೈಸರನ ಮಿತ್ರನಲ್ಲವೆಂದು ಹೆದರಿಸಿದರು. ಅಲ್ಲಿಗೆ ಮುಗಿಯಿತು. ರೋಮಿಗೆ ದೂರು ಹೋದರೆ ಹುದ್ದೆಯ ಗತಿಯೇನು? ನ್ಯಾಯಪೀಠದಲ್ಲಿ ಕುಳಿತಿದ್ದಾಗಲೇ ಅವನ ಹೆಂಡತಿಯು ಹೇಳಿ ಕಳುಹಿಸಿದ್ದಳು, ಆ ನೀತಿವಂತನ ಗೊಡವೆಗೆ ಹೋಗಬೇಡಿ, ಕನಸಿನಲ್ಲಿ ಬಹಳ ಸಂಕಟಪಟ್ಟೆನೆಂದು. ಆ ಇಡೀ ಬೆಳಿಗ್ಗೆ ಸರಿಯಾದ ಸಲಹೆ ಕೊಟ್ಟವಳು ಆಕೆಯೊಬ್ಬಳೇ. ಪಿಲಾತನು ನೀರು ತರಿಸಿ ಜನರೆದುರಿಗೆ ಕೈ ತೊಳೆದುಕೊಂಡು, ಈ ರಕ್ತಕ್ಕೆ ನಾನು ಹೊಣೆಯಲ್ಲವೆಂದನು.

ಅವನ ಪರವಾಗಿ ವಾದಿಸುವವರೂ ಇದ್ದಾರೆ. ಗುಂಪಿನೆದುರು ಒಬ್ಬ ಅಧಿಕಾರಿ ಏನು ಮಾಡಿಯಾನು ಎನ್ನುತ್ತಾರೆ. ಆದರೆ ಪಿಲಾತನು ಗುಂಪಿಗೆ ಹೆದರುವ ಆಸಾಮಿಯಾಗಿರಲಿಲ್ಲ. ದೇವಾಲಯದ ಹಣವನ್ನು ತೆಗೆದು ನೀರಿನ ಕಾಲುವೆ ಕಟ್ಟಿಸಿದಾಗ ಜನರು ಕೂಗೆದ್ದರು. ಆಗ ಅವನು ಮಾರುವೇಷದ ಸೈನಿಕರನ್ನು ದೊಣ್ಣೆ ಕೊಟ್ಟು ಜನರ ನಡುವೆ ನಿಲ್ಲಿಸಿ ಹೊಡೆಸಿದನೆಂದು ಯೆಹೂದ್ಯ ಇತಿಹಾಸಕಾರ ಜೋಸೀಫಸನು ಬರೆದಿದ್ದಾನೆ. ಕೈಸರನ ಚಿತ್ರವಿದ್ದ ಧ್ವಜಗಳನ್ನು ಜೆರೂಸಲೇಮಿಗೆ ತರಿಸಿದಾಗ ಜನರು ಕೈಸರೈಯಕ್ಕೆ ಬಂದು ಕತ್ತಿಗೆ ಕತ್ತು ಚಾಚಿ ಮಲಗಿದರಂತೆ; ಅಂದು ಅವನೇ ಮಣಿದು ಧ್ವಜಗಳನ್ನು ತೆಗೆಸಿದನು. ಎಂದಮೇಲೆ ಎದುರಿಸಿ ನಿಲ್ಲುವುದೂ ಮಣಿಯುವುದೂ ಎರಡೂ ಅವನಿಗೆ ಗೊತ್ತಿತ್ತು. ಈ ಬಡಗಿಯ ಮಗನ ಸಲುವಾಗಿ ಎದುರಿಸಿ ನಿಲ್ಲುವುದು ಅವನಿಗೆ ಲಾಭವೆಂದು ತೋರಲಿಲ್ಲ, ಅಷ್ಟೆ.

ಇನ್ನು ಕೆಲವರು, ಎಲ್ಲವೂ ದೈವಸಂಕಲ್ಪ, ಪಿಲಾತನು ನಿಮಿತ್ತಮಾತ್ರನು ಎಂದು ವಾದಿಸುತ್ತಾರೆ. ‘ನಿಮಿತ್ತಮಾತ್ರ’ ಎಂಬ ಮಾತು ನಮಗೆ ಗೀತೆಯಿಂದ ಚಿರಪರಿಚಿತವಾದುದು. ಆದರೆ ಅದು ಯುದ್ಧರಂಗದಲ್ಲಿ ಕರ್ತವ್ಯಕ್ಕೆ ಹಿಂಜರಿದವನಿಗೆ ಹೇಳಿದ್ದು. ಕರ್ತವ್ಯವನ್ನು ಬಿಟ್ಟವನು ಅದನ್ನು ಹೊದ್ದುಕೊಳ್ಳಲಾಗದು. ಯೋಹಾನನ ಸುವಾರ್ತೆಯಲ್ಲಿ ಈ ಪ್ರಶ್ನೆಗೆ ಯೇಸುವೇ ಉತ್ತರ ಕೊಟ್ಟಂತಿದೆ. ನಿನ್ನನ್ನು ಬಿಡಿಸುವುದಕ್ಕೂ ಶಿಲುಬೆಗೆ ಹಾಕಿಸುವುದಕ್ಕೂ ನನಗೆ ಅಧಿಕಾರವಿದೆಯೆಂದು ಪಿಲಾತನು ಗದರಿಸುತ್ತಾನೆ. ಆ ಅಧಿಕಾರವು ಮೇಲಿನಿಂದ ಬಂದದ್ದು, ನನ್ನನ್ನು ಒಪ್ಪಿಸಿದವನ ಪಾಪ ನಿನ್ನದಕ್ಕಿಂತ ಹೆಚ್ಚಿನದು ಎಂದು ಯೇಸುವು ಹೇಳುತ್ತಾನೆ. ಹೆಚ್ಚಿನದು ಎಂದಮೇಲೆ ಕಡಿಮೆಯದೂ ಒಂದಿದೆ ಎಂದಾಯಿತಲ್ಲವೇ? ಬಿಡಿಸುವ ಅಧಿಕಾರ ನನ್ನದೆಂದು ಬೆಳಿಗ್ಗೆ ಹೇಳಿಕೊಂಡವನು ಮಧ್ಯಾಹ್ನದೊಳಗೆ ಹೊಣೆ ನನ್ನದಲ್ಲವೆಂದರೆ ಯಾವ ಲೆಕ್ಕಕ್ಕೂ ಅದು ತಾಳೆಯಾಗುವುದಿಲ್ಲ.

ಆ ಕೈ ತೊಳೆದ ನೀರು ಬೇರೆಯವರ ಮೇಲೆ ಬಿತ್ತು. ರೋಮಿನ ಆಳಿಕೆಯಲ್ಲಿ ಬರೆದವರಾದ್ದರಿಂದ ಸುವಾರ್ತೆಗಳ ಕರ್ತರು ರೋಮಿನ ಅಧಿಕಾರಿಯನ್ನು ಕೊಂಚ ಮೃದುವಾಗಿ ಚಿತ್ರಿಸಿದರೆಂದು ಹಲವು ವಿದ್ವಾಂಸರ ಮತ. ಅದು ಹೇಗೇ ಇರಲಿ, ತಪ್ಪೆಲ್ಲವೂ ಇಡೀ ಯೆಹೂದ್ಯ ಕುಲದ ಮೇಲೆ ಹೊರಿಸಲ್ಪಟ್ಟು, ಯೂರೋಪಿನಲ್ಲಿ ಶತಮಾನಗಳ ಕಾಲ ಆ ಜನರು ಅದಕ್ಕಾಗಿ ಹಿಂಸೆಪಟ್ಟರು. ಅಂದಿನ ಯೆಹೂದ್ಯರೆಲ್ಲರ ಮೇಲಾಗಲಿ ಇಂದಿನವರ ಮೇಲಾಗಲಿ ಆ ದೋಷವನ್ನು ಹೊರಿಸಕೂಡದೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಸಾರಿದ್ದು 1965ರಲ್ಲಿ. ಒಬ್ಬ ಅಧಿಕಾರಿಯು ಹೊಣೆ ಕಳಚಿಕೊಂಡರೆ ಆ ಹೊಣೆ ಗಾಳಿಯಲ್ಲಿ ಕರಗಿಹೋಗುವುದಿಲ್ಲ. ಅದನ್ನು ಹೊರಲಾರದವರ ತಲೆಯ ಮೇಲೆ ಬೀಳುತ್ತದೆ.

ನಮ್ಮ ನಾಡಿನಲ್ಲಿಯೂ ಇಂಥದೇ ಬೆಳಿಗ್ಗೆಯೊಂದು ಕಲ್ಯಾಣದಲ್ಲಿ ಬಂದಿತ್ತು. ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟು ಮದುವೆಯಾದಾಗ ಊರ ಹಿರಿಯರೆನಿಸಿಕೊಂಡವರು ಬಿಜ್ಜಳನ ಮೇಲೆ ಒತ್ತಡ ತಂದರೆಂದೂ, ಅವನು ಆ ಇಬ್ಬರು ಶರಣರಿಗೆ ಎಳೆಹೂಟೆಯ ಶಿಕ್ಷೆ ಕೊಟ್ಟನೆಂದೂ ಶರಣ ಪರಂಪರೆಯು ಹೇಳುತ್ತದೆ. ಅದನ್ನು ತಾವೆಲ್ಲ ಬಲ್ಲಿರಿ.

ನಾವು ಬಾಳುತ್ತಿರುವ ಈ ತಮಿಳು ನೆಲದಲ್ಲಿ ಬೇರೊಬ್ಬ ಅರಸನುಂಟು. ಮರೀನಾ ಕಡಲ ತೀರಕ್ಕೆ ಸಂಜೆಯ ಹೊತ್ತು ಮಕ್ಕಳನ್ನು ಕರೆದೊಯ್ದಾಗ ಕೈಯಲ್ಲಿ ಕಾಲಂದುಗೆ ಹಿಡಿದು ನಿಂತ ಕಣ್ಣಗಿಯ ಪ್ರತಿಮೆಯನ್ನು ಕಂಡಿದ್ದೀರಿ. 1968ರಲ್ಲಿ ನಿಲ್ಲಿಸಿದ್ದು, 2001ರಲ್ಲಿ ತೆಗೆದದ್ದು, 2006ರಲ್ಲಿ ಮತ್ತೆ ನಿಲ್ಲಿಸಿದ್ದು. ‘ಶಿಲಪ್ಪದಿಕಾರ’ದಲ್ಲಿ ಮಧುರೆಯ ಪಾಂಡ್ಯನು ಅಕ್ಕಸಾಲಿಗನ ಮಾತು ನಂಬಿ, ವಿಚಾರಣೆಯಿಲ್ಲದೆ ಕೋವಲನನ್ನು ಕೊಲ್ಲಿಸುತ್ತಾನೆ. ರಾಣಿಯ ಅಂದುಗೆಯೊಳಗೆ ಮುತ್ತು, ಕಣ್ಣಗಿಯದರೊಳಗೆ ಮಾಣಿಕ್ಯ. ಆಕೆ ತನ್ನದನ್ನು ಒಡೆದು ತೋರಿಸಿದೊಡನೆ, ಕಳ್ಳನು ನಾನೇ ಎಂದು ಅರಸನು ಸಿಂಹಾಸನದಿಂದುರುಳಿ ಪ್ರಾಣಬಿಡುತ್ತಾನೆ. ಪಾಂಡ್ಯನಿಗೆ ತಿಳಿದಿರಲಿಲ್ಲ, ತಿಳಿದಾಗ ಬದುಕಲಿಲ್ಲ. ಪಿಲಾತನಿಗೆ ಮೊದಲೇ ತಿಳಿದಿತ್ತು, ತಿಳಿದೂ ಮತ್ತೆ ಹಲವು ವರ್ಷ ಅದೇ ಪೀಠದಲ್ಲಿ ಕುಳಿತಿದ್ದನು. ಈ ಇಬ್ಬರಲ್ಲಿ ಯಾರ ಅಪರಾಧ ದೊಡ್ಡದೆಂದು ಮನೆಯಲ್ಲಿ ಹೈಸ್ಕೂಲು ಮಕ್ಕಳನ್ನು ಕೇಳಿ ನೋಡಿ. ನಾವು ಕೇಳಿದಾಗ ಬಂದ ಉತ್ತರಗಳು ವಕೀಲರಿಗೂ ಸಾಕಾಗುವಷ್ಟಿದ್ದವು.

ಕೊನೆಗೆ ಪಿಲಾತನ ಗತಿ ಏನಾಯಿತೆಂದು ಕೇಳುವಿರಿ. ಸಮಾರ್ಯದವರ ಮೇಲೆ ಸೈನ್ಯ ಬಿಟ್ಟು ಕೊಲ್ಲಿಸಿದ್ದಕ್ಕಾಗಿ ಸಿರಿಯಾದ ಅಧಿಪತಿಯು ಅವನನ್ನು ಕೆಲಸದಿಂದ ತೆಗೆದು, ಉತ್ತರ ಹೇಳಲು ರೋಮಿಗೆ ಅಟ್ಟಿದನು. ಅವನು ಅಲ್ಲಿಗೆ ಮುಟ್ಟುವ ಮೊದಲೇ ಕೈಸರ ತಿಬೇರಿಯನು ತೀರಿಕೊಂಡಿದ್ದನು. ಯಾವ ಕೈಸರನ ಸ್ನೇಹಕ್ಕಾಗಿ ಅಂಥ ತೀರ್ಪು ಕೊಟ್ಟನೋ ಅವನೇ ಇರಲಿಲ್ಲ. ಆಮೇಲಿನ ಸುದ್ದಿ ಇತಿಹಾಸದಲ್ಲಿಲ್ಲ. ಆದರೆ ಹೆಸರು ಉಳಿಯಿತು: ಕ್ರೈಸ್ತರ ವಿಶ್ವಾಸಪ್ರಮಾಣದಲ್ಲಿ ಯೇಸುವಿನ ಹೊರತು ಇಬ್ಬರೇ ಮನುಷ್ಯರ ಹೆಸರು ಬರುತ್ತದೆ, ಒಂದು ತಾಯಿ ಮರಿಯಳದು, ಇನ್ನೊಂದು ಪಿಲಾತನದು. ಇಲ್ಲಿಯ ಸ್ಯಾಂಥೋಮಿನ ದೇವಾಲಯದಲ್ಲಿಯೂ ಅದನ್ನು ಪಠಿಸುತ್ತಾರೆ.

1961ರಲ್ಲಿ ಕೈಸರೈಯದ ಹಾಳು ನಾಟಕಶಾಲೆಯನ್ನು ಅಗೆಯುವಾಗ ಅವನ ಹೆಸರೂ ಹುದ್ದೆಯೂ ಕೆತ್ತಿದ ಸುಣ್ಣಕಲ್ಲೊಂದು ಸಿಕ್ಕಿತು. ಶಾಸನಗಳನ್ನು ಬಿಡಿಸಿ ಕಾಲನಿರ್ಣಯ ಮಾಡುವುದರಲ್ಲಿ ಜೀವ ತೇದ ಗೋವಿಂದ ಪೈಗಳು ಆಗ ಇನ್ನೂ ಬದುಕಿದ್ದರು; ಅವರು ತೀರಿಕೊಂಡದ್ದು 1963ರ ಸೆಪ್ಟೆಂಬರಿನಲ್ಲಿ. ಪಿಲಾತನು ಕೈಸರ ತಿಬೇರಿಯನ ಗೌರವಾರ್ಥವಾಗಿ ಕಟ್ಟಿಸಿದ ಕಟ್ಟಡವೊಂದರ ಶಾಸನ ಅದು. ಮುಂದಿನ ಕಾಲದವರು ಆ ಕಲ್ಲನ್ನು ಕಿತ್ತು ತಂದು ನಾಟಕಶಾಲೆಯ ಮೆಟ್ಟಿಲಿಗೆ ಹಾಕಿಕೊಂಡಿದ್ದರು.