ಅಟ್ಟದ ಮೇಲಿನ ಬಂಡವಾಳ

(ಸುವರ್ಣ ಮಹೋತ್ಸವದ ವಿದ್ಯಾರ್ಥಿ ಮಾರ್ಗದರ್ಶನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಐವತ್ತು ವರ್ಷ ತುಂಬಿದ ನಮ್ಮ ಶಾಲೆಯಲ್ಲಿ ಮಾತನಾಡಲು ಕರೆದದ್ದಕ್ಕೆ ನಾನು ಋಣಿ. ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ತಿಪಟೂರಿನಲ್ಲಿ ಬಿ.ಕಾಂ. ಓದಿ, ಇಪ್ಪತ್ತೆರಡು ವರ್ಷದಿಂದ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಹತ್ತನೇ ತರಗತಿಯ ಮಕ್ಕಳಿಗೆ 'ಮುಂದೇನು' ಎಂಬ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಮುಖ್ಯೋಪಾಧ್ಯಾಯರ ಅಪ್ಪಣೆ.

ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಕೊಬ್ಬರಿ ತರುವ ರೈತರು ನನ್ನನ್ನು ಕೇಳುವುದುಂಟು: "ಮಗನ್ನ ಬಿಬಿಎ ಓದಿಸಿ, ಆಮೇಲೆ ಎಂಬಿಎಗೆ ಬೆಂಗಳೂರಿಗೆ ಕಳಿಸೋಣ ಅಂತಿದ್ದೀವಿ. ಕೆಲಸ ಸಿಗ್ತದಾ ಸ್ವಾಮಿ?" ಕಳಿಸಿ, ನಾನು ಬೇಡ ಎನ್ನುವುದಿಲ್ಲ. ಆದರೆ ಮಕ್ಕಳೇ, ವ್ಯಾಪಾರದ ಮೊದಲ ಪಾಠ ನಿಮ್ಮ ಮನೆಯ ಅಟ್ಟದ ಮೇಲೇ ಇದೆ.

ನಮ್ಮದು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಡುವತನಕ ಎಂಟರಿಂದ ಹನ್ನೆರಡು ತಿಂಗಳು ಕಾಯುತ್ತೇವೆ. ಅಷ್ಟು ದಿನ ನಮ್ಮ ದುಡ್ಡು ಅಲ್ಲೇ ಮಲಗಿರುತ್ತದೆ. ಕಾಮರ್ಸ್ ಪುಸ್ತಕದಲ್ಲಿ ಇದಕ್ಕೆ ದಾಸ್ತಾನು ಎಂದು ಹೆಸರು.

ಈಗ ಒಂದು ಲೆಕ್ಕ ಮಾಡೋಣ. ಅಟ್ಟದಲ್ಲಿ ಹತ್ತು ಕ್ವಿಂಟಲ್ ಕೊಬ್ಬರಿಯಾಗುವಷ್ಟು ಕಾಯಿ ಇದೆ. ಅಷ್ಟರಲ್ಲಿ ಆಸ್ಪತ್ರೆ ಖರ್ಚಿಗೆ 60,000 ರೂಪಾಯಿ ಸಾಲ ಬೇಕಾಯಿತು. ಒಬ್ಬರು "ನೂರಕ್ಕೆ ಎರಡು ರೂಪಾಯಿ ಬಡ್ಡಿ" ಎನ್ನುತ್ತಾರೆ. ಇನ್ನೊಬ್ಬರು "ಶೇಕಡಾ 12" ಎನ್ನುತ್ತಾರೆ. ಕಿವಿಗೆ ಎರಡೇ ಹಗುರ. ಆದರೆ ಆ ಎರಡು ತಿಂಗಳಿಗೆ, ಈ ಹನ್ನೆರಡು ವರ್ಷಕ್ಕೆ. ಒಂಬತ್ತು ತಿಂಗಳಾದ ಮೇಲೆ ಮೊದಲನೆಯವರಿಗೆ ಬಡ್ಡಿ 10,800, ಎರಡನೆಯವರಿಗೆ 5,400. ಕ್ವಿಂಟಲಿಗೆ 540 ರೂಪಾಯಿ ವ್ಯತ್ಯಾಸ!

2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಯ ಬೆಂಬಲ ಬೆಲೆಯನ್ನು 11,750ರಿಂದ 12,000ಕ್ಕೆ ಏರಿಸಿತು. ಹೆಚ್ಚಾದದ್ದು 250. ಬೆಂಬಲ ಬೆಲೆಗಾಗಿ ಹೋರಾಡಲೇಬೇಕು. ಆದರೆ ಅದರ ಎರಡರಷ್ಟು ಹಣ ಬಡ್ಡಿಯ ಲೆಕ್ಕ ತಿಳಿಯದೆ ಸೋರಿಹೋದರೆ ಯಾರನ್ನು ಕೇಳುವುದು? ಈ ಲೆಕ್ಕ ನಿಮ್ಮ ಗಣಿತದ ಪುಸ್ತಕದಲ್ಲೇ ಇದೆ. ಪರೀಕ್ಷೆಗೆ ಬರೆದು ಮರೆಯಬೇಡಿ, ಅಪ್ಪನ ಪಕ್ಕ ಕೂತು ಮಾಡಿ ತೋರಿಸಿ.

ಮಾರಾಟದ ಪಟ್ಟಿ ಓದುವುದನ್ನೂ ಕಲಿಯಿರಿ. ತೂಕ, ದರ, ಕಡಿತ ಮೂರನ್ನೂ ನೋಡಿ. ಎಪಿಎಂಸಿ ಮಾರುಕಟ್ಟೆ ಶುಲ್ಕ ಕೊಡಬೇಕಾದವರು ಕೊಳ್ಳುವವರು, ರೈತರಲ್ಲ. ಎಷ್ಟೋ ಜನ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟು ನಡೆದುಬಿಡುತ್ತಾರೆ.

ಇನ್ನು ಕೈಕೆಲಸದ ಮಾತು. ಎಳನೀರು ಇಳಿಸಲು, ಸುಳಿ ಶುಚಿ ಮಾಡಿ ಔಷಧಿ ಹಾಕಲು ಇಂದು ಜನ ಸಿಗುವುದಿಲ್ಲ. ತೆಂಗು ಅಭಿವೃದ್ಧಿ ಮಂಡಳಿಯು 2011ರಿಂದ ಯಂತ್ರದ ಸಹಾಯದಿಂದ ಮರ ಹತ್ತುವ ತರಬೇತಿ ಕೊಡಿಸುತ್ತಿದೆ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ನಮ್ಮ ತಾಲ್ಲೂಕಿನಲ್ಲೇ ಇದೆ, ಒಮ್ಮೆ ಹೋಗಿ ಬನ್ನಿ. ನಾರಿಗೂ, ಚಿಪ್ಪಿನ ಇದ್ದಿಲಿಗೂ, ಕಾಯಿಪುಡಿಗೂ ಮಾರುಕಟ್ಟೆಯಿದೆ. ಯಂತ್ರ ರಿಪೇರಿ ಬಲ್ಲ ಹುಡುಗನಿಗೆ, ಜಿಎಸ್‌ಟಿ ಲೆಕ್ಕ ಬರೆಯಬಲ್ಲ ಹುಡುಗಿಗೆ ಇಲ್ಲೇ ಕೆಲಸವಿದೆ.

ತಂದೆ ತಾಯಂದಿರಲ್ಲಿ ಒಂದು ವಿನಂತಿ. ಮರ ಹತ್ತುವವನನ್ನು, ಕಾಯಿ ಸುಲಿಯುವವನನ್ನು ತೋರಿಸಿ "ಓದದಿದ್ದರೆ ನಿನಗೂ ಇದೇ ಗತಿ" ಎಂದು ಮಕ್ಕಳನ್ನು ಹೆದರಿಸಬೇಡಿ. ಅವರ ದುಡಿಮೆಯಿಂದಲೇ ನಮ್ಮ ಮಕ್ಕಳ ಫೀಸು ಕಟ್ಟಿದ್ದೇವೆ.

ಮಕ್ಕಳೇ, ದೊಡ್ಡ ಕನಸು ಕಾಣಿರಿ, ದೊಡ್ಡ ಊರಿಗೂ ಹೋಗಿರಿ. ಅದಕ್ಕೆ ಮೊದಲು ಈ ಬೇಸಿಗೆ ರಜೆಯಲ್ಲಿ ಒಂದು ನೋಟ್‌ಬುಕ್ ತೆಗೆದುಕೊಂಡು ನಿಮ್ಮ ತೋಟದ ಒಂದು ವರ್ಷದ ಜಮಾ ಖರ್ಚು ಬರೆಯಿರಿ. ಅಜ್ಜಿಯನ್ನು ಕೇಳಿದರೆ ಅರ್ಧ ಲೆಕ್ಕ ಬಾಯಲ್ಲೇ ಹೇಳುತ್ತಾರೆ. ಅದನ್ನು ಬರೆಯಬಲ್ಲವರು ಯಾವ ಕಾಲೇಜಿನಲ್ಲೂ ಹಿಂದೆ ಬೀಳುವುದಿಲ್ಲ.