ಹೊಗೆಯ ಲೆಕ್ಕದಲ್ಲಿ ಬಡವರ ಪಾಲೆಷ್ಟು?

(ಬೆಂಗಳೂರಿನ ಹೊರಮಾವಿನಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಲ್ಲಿಂದ ಹೈದರಾಬಾದ್ ಹೆದ್ದಾರಿ ಹಿಡಿದು ಸುಮಾರು ನೂರು ಕಿಲೋಮೀಟರ್ ಸಾಗಿದರೆ ಬಾಗೇಪಲ್ಲಿ ಸಿಗುತ್ತದೆ. ಅದು ಮಳೆಯ ಅಭಾವದ ಸೀಮೆ. ಅಲ್ಲಿನ ಕೂಲಿ ಸಂಘದ 5,500 ಮನೆಗಳಿಗೆ ಗೋಬರ್ ಗ್ಯಾಸ್ ಒದಗಿಸುವ ಯೋಜನೆಯು 2005ರ ಡಿಸೆಂಬರ್‌ನಲ್ಲಿ, ಕ್ಯೋಟೋ ಒಪ್ಪಂದದ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಡಿ ನೋಂದಣಿಯಾಯಿತು. ಸೌದೆ, ಸೀಮೆಎಣ್ಣೆಗಳ ಬದಲಿಗೆ ಸಗಣಿಯ ಅನಿಲ ಉರಿಯುತ್ತದೆ. ವಾತಾವರಣ ಸೇರದೆ ಉಳಿದ ಪ್ರತಿ ಟನ್ ಇಂಗಾಲದ ಡೈಆಕ್ಸೈಡಿಗೆ ಒಂದು ಕ್ರೆಡಿಟ್. ಅದನ್ನು ಕೊಂಡ ಶ್ರೀಮಂತ ದೇಶವು ತನ್ನ ಹೊಗೆಯ ಲೆಕ್ಕವನ್ನು ಸರಿದೂಗಿಸಿಕೊಳ್ಳುತ್ತದೆ.

ಹಾಗಾದರೆ ಇಂತಹ ಯೋಜನೆಗಳು ಹಳ್ಳಿ ಹಳ್ಳಿಗೂ ಏಕೆ ತಲುಪಲಿಲ್ಲ?

ಮೊದಲ ಅಡ್ಡಿ ಬಂಡವಾಳ. ಗುಂಡಿ, ಇಟ್ಟಿಗೆ, ಸಿಮೆಂಟು, ಗಾರೆಯವರ ಕೂಲಿ ಎಲ್ಲಕ್ಕೂ ಇಂದೇ ಹಣ ಬೇಕು. ಕ್ರೆಡಿಟ್ ಕೈಸೇರುವುದು ಉಳಿತಾಯ ದೃಢಪಟ್ಟ ಮೇಲೆ. ಎರಡನೆಯದು ತಪಾಸಣೆಯ ವೆಚ್ಚ. ಒಂದು ಮನೆ ವರ್ಷಕ್ಕೆ ಉಳಿಸುವುದು ಕೆಲವೇ ಟನ್. ಸಾವಿರಾರು ಒಲೆಗಳ ಲೆಕ್ಕವಿಟ್ಟು, ಪರಿಶೀಲಕರಿಗೆ ಶುಲ್ಕ ತೆತ್ತರೆ ಉಳಿಯುವುದೆಷ್ಟು? ಅದೇ ವ್ಯವಸ್ಥೆಯಲ್ಲಿ ಶೀತಕ ಅನಿಲ ತಯಾರಿಸುವ ಒಂದೊಂದು ಕಾರ್ಖಾನೆಯೂ ವರ್ಷಕ್ಕೆ ಲಕ್ಷಗಟ್ಟಲೆ ಕ್ರೆಡಿಟ್ ಗಳಿಸಿತು. ಈ ಅನ್ಯಾಯ ಎಷ್ಟು ಸ್ಪಷ್ಟವಾಗಿತ್ತೆಂದರೆ, 2013ರಲ್ಲಿ ಯೂರೋಪೇ ಅಂತಹ ಕ್ರೆಡಿಟ್‌ಗಳನ್ನು ನಿಷೇಧಿಸಿತು.

ಮೂರನೆಯದು ಮಾರುಕಟ್ಟೆಯ ಚಂಚಲತೆ. 2008ರಲ್ಲಿ 20 ಯೂರೋ ದಾಟಿದ್ದ ಕ್ರೆಡಿಟ್ ಬೆಲೆ 2012ರ ಕೊನೆಗೆ ಒಂದು ಯೂರೋಗಿಂತ ಕೆಳಗಿಳಿಯಿತು. ನಾಲ್ಕನೆಯದನ್ನು ನಾವು ಮರೆಯುತ್ತೇವೆ: ಹಸುವಿಲ್ಲದವನಿಗೆ ಗೋಬರ್ ಗ್ಯಾಸ್ ಎಲ್ಲಿಂದ? ಕಡುಬಡವನು ಇಲ್ಲಿಯೂ ಹೊಸ್ತಿಲಾಚೆಯೇ ಉಳಿಯುತ್ತಾನೆ.

ಈ ಎಲ್ಲ ಕಾರಣಗಳಿಂದ ಇಂಗಾಲದ ವ್ಯಾಪಾರವನ್ನೇ ತಿರಸ್ಕರಿಸಬೇಕೆಂದು ವಾದಿಸುವವರಿದ್ದಾರೆ. ಹಣ ತೆತ್ತು ಮಾಲಿನ್ಯ ಮುಂದುವರಿಸುವ ಪರವಾನಗಿ ಇದೆಂಬ ಅವರ ಆಕ್ಷೇಪದಲ್ಲಿ ಹುರುಳಿದೆ. ಆದರೆ ಹೊಗೆಯಿಂದ ಕಣ್ಣುರಿಸಿಕೊಳ್ಳುವ ತಾಯಿಗೆ ನಮ್ಮ ತಿರಸ್ಕಾರದಿಂದ ಒಲೆ ಸಿಗುವುದಿಲ್ಲ.

ಭಾರತವು 2023ರಲ್ಲಿ ತನ್ನದೇ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯನ್ನು ಪ್ರಕಟಿಸಿದೆ. ಪ್ಯಾರಿಸ್ ಒಪ್ಪಂದದಡಿಯ ಅಂತಾರಾಷ್ಟ್ರೀಯ ವ್ಯಾಪಾರದ ನಿಯಮಗಳು 2024ರ ನವೆಂಬರ್‌ನಲ್ಲಿ ಬಾಕುವಿನಲ್ಲಿ ಅಂತಿಮಗೊಂಡವು. ಹಳೆಯ ತಪ್ಪುಗಳು ಹೊಸ ಹೆಸರಿನಲ್ಲಿ ಮರುಕಳಿಸಬಾರದು. ಸಣ್ಣ ಯೋಜನೆಗಳಿಗೆ ಮುಂಗಡ ಹಣ, ಅಗ್ಗದ ಸಾಮೂಹಿಕ ತಪಾಸಣೆ, ಕನಿಷ್ಠ ಬೆಲೆಯ ಖಾತರಿ ಇವನ್ನು ಸರಕಾರ ಒದಗಿಸಲಿ. ಭೂಮಿಯ ಋಣ ಎಲ್ಲರ ಮೇಲಿದೆ. ಅತಿ ಕಡಿಮೆ ಹೊಗೆಯುಗುಳಿದವನ ಹೆಗಲಿಗೇ ಅದರ ಭಾರವನ್ನು ಹೊರಿಸುವುದು ನ್ಯಾಯವಲ್ಲ.